ಬಸವಣ್ಣ ಕೊಟ್ಟ ಹಿಮ್ಮಡಿ

ಕಳೆದ ವರ್ಷ ಬೇಸಿಗೆಯಲ್ಲಿ ತರೀಕೆರೆ ಬಸ್ ನಿಲ್ದಾಣದಲ್ಲಿ ಟೀ ಕುಡಿಯಲು ಇಳಿದ ನನ್ನ ಗಂಡ ಅಲ್ಲೇ ಕುಸಿದು ಕುಳಿತರು. ಅಪಘಾತದಲ್ಲಿ ಎಡ ಪಾದ ಹೋದ ಮೇಲೆ ಹಾಕಿಕೊಂಡಿದ್ದ ಕೃತಕ ಕಾಲಿನ ಹಿಮ್ಮಡಿ ಮತ್ತೆ ಸೀಳಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಷ್ಟು ಸಲ ಬದಲಿಸಿದರೂ ನಮ್ಮ ಕಡೂರಿನ ಬಿಸಿಲಿಗೆ, ತೋಟದ ಕಲ್ಲಿಗೆ ಅದು ಉಳಿಯುತ್ತಿರಲಿಲ್ಲ.

"ಸಾಕು ಕಣೇ, ಇನ್ಮೇಲೆ ಮನೇಲೇ ಕೂತಿರ್ತೀನಿ" ಎಂದುಬಿಟ್ಟರು. ಊರೆಲ್ಲ ಸುತ್ತುವ ಮನುಷ್ಯ ಅವರು.

ತೆಂಗಿನಕಾಯಿ ಸುಲಿಯುವ ಯಂತ್ರಗಳಿಗೆ ಪಾಲಿಯುರೆಥೇನ್ ರೋಲರ್ ಎರಕ ಹೊಯ್ಯುವುದು ನನ್ನ ಕಸುಬು. ರಬ್ಬರಿನಂತೆ ಬಾಗುವ ವಸ್ತು ಅದು. ಹಿಮ್ಮಡಿಯನ್ನೂ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಆಸ್ಪತ್ರೆಯವರು ಅಳತೆ ಕೊಟ್ಟರು. ಗಟ್ಟಿಕಾರಕ ಹೆಚ್ಚು ಬೆರೆಸಿದರೆ ಕಲ್ಲಾಗಿ ಮಂಡಿಗೆ ಹೊಡೆಯಿತು. ಕಡಿಮೆ ಮಾಡಿದರೆ ಮಧ್ಯಾಹ್ನದ ಕಾವಿಗೆ ಮೆತ್ತಗಾಗಿ ಚಪ್ಪಟೆಯಾಯಿತು. ಬಿಸಿ ತಡೆಯುವ ಬೇರೆ ಗಟ್ಟಿಕಾರಕ ತರಿಸಿದೆ. ಓವನ್ನಿನಿಂದ ತೆಗೆದು ಬಗ್ಗಿಸಿ ನೋಡಿದ್ದೆಲ್ಲ ಪಟ್ಟನೆ ಹರಿಯಿತು.

ಗುಡಿಗೆ ಹೋಗಿ ಬಸವಣ್ಣನ ಹತ್ತಿರ ಜಗಳವನ್ನೇ ಆಡಿದೆ. "ನಿಂಗೆ ನಾಕು ಕಾಲೈತೆ, ನಮ್ಮೋರಿಗೆ ಒಂದ್ ಕೊಟ್ರೆ ಏನಪ್ಪಾ ಕಮ್ಮಿಯಾಗೋದು?"

ಡಬ್ಬದಲ್ಲಿ ಉಳಿದದ್ದನ್ನು ಬಳಿದು ಕೊನೆಯದೊಂದು ಎರೆದೆ. ಅದನ್ನು ಬಗ್ಗಿಸಿ ನೋಡಲು ಹೊರಟದ್ದು ಸೋಮವಾರ. ಅದು ಬಸವಣ್ಣನ ವಾರ, ನಮ್ಮ ಕಡೆ ಎತ್ತಿಗೆ ನೊಗ ಹೂಡುವುದಿಲ್ಲ. ಅತ್ತೆ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತರು.

"ಎತ್ತಿಗಿರೋ ರಜಾ ನಿನ್ ಕೈಗ್ ಬ್ಯಾಡ್ವೇನೇ? ಬಿಡೇ ಅತ್ಲಾಗೆ!"

ಗೊಣಗಿಕೊಂಡೇ ಬಿಟ್ಟೆ. ಅಷ್ಟರಲ್ಲಿ ತಂಗಿಯ ಊರು ಶಿವನಿಯಿಂದ ಫೋನ್ ಬಂತು, ಅವಳಿಗೆ ಹೆರಿಗೆ ನೋವು. ರೈಲು ಹತ್ತಿದೆ. ಬಾಣಂತಿಯ ಆರೈಕೆಯಲ್ಲಿ ವಾರವೇ ಕಳೆದುಹೋಯಿತು.

ಹಿಂತಿರುಗಿ ಬಂದು, ಸ್ವಾಮಿಯನ್ನು ನೆನೆದು ಹಿಮ್ಮಡಿಯನ್ನು ಬಗ್ಗಿಸಿದೆ. ಹರಿಯಲಿಲ್ಲ! ಪುಟಿದು ನೇರವಾಯಿತು. ಬಿಸಿಲಿಗಿಟ್ಟೆ, ಮೆತ್ತಗಾಗಲಿಲ್ಲ. ಆಮೇಲೆ ಸರಕು ಕೊಟ್ಟವರನ್ನು ಕೇಳಿದೆ. ಈ ಗಟ್ಟಿಕಾರಕ ಹಾಕಿದ್ದು ಓವನ್ನಿನಿಂದ ಇಳಿದ ಮೇಲೂ ದಿನಗಟ್ಟಲೆ ಒಳಗೊಳಗೇ ಬಲಿಯುತ್ತದಂತೆ. ನಾನು ರೋಲರಿನ ಅಭ್ಯಾಸದಲ್ಲಿ, ಓವನ್ನಿನಿಂದ ತೆಗೆದ ಕೂಡಲೇ ಬಗ್ಗಿಸಿ, ಎಳಸನ್ನೇ ಹರಿದು ಹರಿದು ಅತ್ತಿದ್ದೆ. ನನ್ನ ಕೈ ತಡೆಯಲು ಬಸವಣ್ಣ ತನ್ನ ವಾರವನ್ನೇ ಅಡ್ಡ ಹಾಕಿದ.

ಆಸ್ಪತ್ರೆಯವರೇ ಪರೀಕ್ಷೆ ಮಾಡಿ ಕೂರಿಸಿಕೊಟ್ಟರು. ಈ ಬೇಸಿಗೆಯೂ ಕಳೆಯಿತು, ಹಿಮ್ಮಡಿ ಹಾಗೇ ಇದೆ. ಭಕ್ತಬಂಧುಗಳೇ, ಜಗಳವಾಡಿದರೂ ಪರವಾಗಿಲ್ಲ, ಅವನ ಹತ್ತಿರವೇ ಆಡಿ, ಕೇಳಿಸಿಕೊಳ್ಳುತ್ತಾನೆ. ಈಗ ಸೋಮವಾರ ನಾನು ಶೆಡ್ಡಿನ ಬಾಗಿಲು ತೆಗೆಯುವುದಿಲ್ಲ. ಅವತ್ತಾದರೂ ಮಾತಾಡಿಕೊಂಡು ಕೂರೋಣವೆಂದರೆ ನಮ್ಮವರು ಮನೆಯಲ್ಲಿ ಸಿಗುವುದಿಲ್ಲ.