ನನಗಿಂತ ಮೊದಲೇ ಬಂದಿದ್ದ ಗ್ಯಾಸು

ಹಲ್ಲು ಕಟಕಟಿಸುವ ಚಳಿಯಲ್ಲೂ ಬಿಸಿಲು ಚರ್ಮವನ್ನು ಸುಡಬಲ್ಲದು ಎಂಬುದು ನನಗೆ ಗೊತ್ತಾದದ್ದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ಇಲ್ಲಿಗೆ ಬಂದ ಮೂರನೆಯ ದಿನ ಸ್ವೆಟರ್ ಹಾಕಿಕೊಂಡು ಹಿತ್ತಲಿನ ತಂತಿಯ ಮೇಲೆ ಬಟ್ಟೆ ಹರವಿದೆ. ಬಿಸಿಲು ಹಿತವಾಗಿದೆಯಲ್ಲ ಎಂದು ಅಲ್ಲೇ ಕುರ್ಚಿ ಹಾಕಿಕೊಂಡು ಒಂದು ತಾಸು ಕೂತೆ. ದಕ್ಷಿಣದಿಂದ ಬೀಸುವ ಗಾಳಿ, ಯಾರೋ ದೊಡ್ಡ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಮರೆತಂತೆ ಇತ್ತು. ಸಂಜೆಯ ಹೊತ್ತಿಗೆ ನನ್ನ ಬೋಳುತಲೆ, ಕಿವಿ, ಮೂಗು ಎಲ್ಲ ಕೆಂಪಾಗಿ ಉರಿಯತೊಡಗಿದವು. ಎರಡು ದಿನದಲ್ಲಿ ಸಿಪ್ಪೆ ಏಳತೊಡಗಿತು.

“ಅಪ್ಪಯ್ಯ, ಎಂತ ಮಾಡ್ಕಂಡ್ರಿ ಇದು? ಟೋಪಿ ಹಾಕ್ಕಳಿ ಅಂದಿರ್ಲಿಲ್ವಾ ನಾನು?” ಮಗಳು ಸವಿತ ಮುಲಾಮು ಹಚ್ಚುತ್ತಾ ಗದರಿದಳು.

“ಚಳಿಗೆ ಯಾರಾದ್ರೂ ಬಿಸ್ಲಿನ ಟೋಪಿ ಹಾಕ್ತಾರನೇ?”

“ಇಲ್ಲಿ ಹಾಕ್ತಾರೆ.”

ಇಲ್ಲಿ ಎಂದರೆ ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್ ಎಂಬ ಊರು. ಸವಿತ ಇಲ್ಲಿ ವೃದ್ಧಾಶ್ರಮವೊಂದರಲ್ಲಿ ನರ್ಸು. ಅಳಿಯನಿಗೆ ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮೊಮ್ಮಗಳು ಅನಘಳಿಗೆ ಹತ್ತು ವರ್ಷ. ನನ್ನ ಹೆಂಡತಿ ತೀರಿಕೊಂಡ ಮೇಲೆ ಸಾಗರದ ಬಾಡಿಗೆ ಮನೆ ಖಾಲಿ ಮಾಡಿ ಇವರ ಜೊತೆ ಇರಲು ಬಂದೆ.

ಬರುವಾಗ ವಿಮಾನ ನಿಲ್ದಾಣದಲ್ಲಿ ಒಂದು ಫಾರಂ ಕೊಟ್ಟರು. ಬೀಜ, ಗಿಡ, ಮಣ್ಣು, ಈ ದೇಶದ ನೆಲಕ್ಕೆ ಕೇಡಾಗುವಂಥದ್ದು ಏನಾದರೂ ತಂದಿದ್ದೀರಾ ಎಂದು ಅದರಲ್ಲಿ ಕೇಳಿತ್ತು. ನಾನು ಇಲ್ಲ ಎಂದು ಗುರುತು ಹಾಕಿದೆ. ಅವರು ಚೀಲ ಬಿಚ್ಚಿಸಿ, ತುಳಸಿ ಬೀಜದ ಪೊಟ್ಟಣವನ್ನೂ ಹಸಿ ಅರಿಶಿನದ ಕೊಂಬನ್ನೂ ಎತ್ತಿಟ್ಟುಕೊಂಡರು. ಚಪ್ಪಲಿಯ ಅಡಿಗೆ ಅಂಟಿದ್ದ ಸಾಗರದ ಕೆಂಪು ಮಣ್ಣನ್ನು ಬ್ರಷ್ಷಿನಿಂದ ತೊಳೆದು ಕೊಟ್ಟರು. ಆಗ ನನಗೆ ನಗು ಬಂದಿತ್ತು. ಈಗ ಆ ಫಾರಂ ನೆನಪಾದರೆ ನಗು ಬರುವುದಿಲ್ಲ.

ಹೊಸ ಊರು ಕಲಿಯುವುದು ಎಂದರೆ ಮೊದಲು ಅಂಗಡಿ ಕಲಿಯುವುದು. ಇಲ್ಲಿ ಬೀದಿಯ ಮೂಲೆಯ ಸಣ್ಣ ದಿನಸಿ ಅಂಗಡಿಯನ್ನು ‘ಡೇರಿ’ ಎನ್ನುತ್ತಾರೆ. ನಾನು ಮೊದಲ ಸಲ ನಮ್ಮ ಹಾಲಿನ ಸೊಸೈಟಿಯಂಥದ್ದು ಇರಬೇಕೆಂದು ಸ್ಟೀಲಿನ ಕ್ಯಾನು ಹಿಡಿದುಕೊಂಡು ಹೋದೆ. ಅಲ್ಲಿದ್ದ ಪಂಜಾಬಿನ ಹೆಂಗಸು ನಕ್ಕು, ಹಾಲಿನ ಬಾಟಲಿ ಕೊಟ್ಟು, ಕ್ಯಾನನ್ನು ಒರೆಸಿ ವಾಪಸು ಕೊಟ್ಟಳು. ಈ ನೆಲದ ಮೂಲದವರಾದ ಮಾವೊರಿಗಳ ‘ಫಾನೌ’ ಎಂಬ ಮಾತನ್ನು ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಬಳಸುತ್ತಾರೆ. ಮನೆಯವರು, ನೆಂಟರು, ಸತ್ತವರು, ಇನ್ನೂ ಹುಟ್ಟಬೇಕಾದವರು ಎಲ್ಲರೂ ಅದರೊಳಗೆ ಬರುತ್ತಾರಂತೆ. ಸವಿತಳ ಮನೆಯೆಲ್ಲ ಮರದ ಹಲಗೆಯದು. ಹಗಲಿಡೀ ಯಾರೂ ಇರುವುದಿಲ್ಲ. ಸಾಗರದಲ್ಲಿ ನನ್ನ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ ಇತ್ತು. ಕಂಡಕ್ಟರ್ ಕೂಗುವುದನ್ನು ಕೇಳಿಯೇ ನನಗೆ ಗಂಟೆ ಎಷ್ಟೆಂದು ಗೊತ್ತಾಗುತ್ತಿತ್ತು. ಇಲ್ಲಿ ಕಡಲಹಕ್ಕಿಗಳು ಕೂಗುತ್ತವೆ, ಅವಕ್ಕೆ ಹೊತ್ತಿಲ್ಲ.

ಅನಘಳನ್ನು ಶಾಲೆಗೆ ಬಿಟ್ಟು ಕರೆದುಕೊಂಡು ಬರುವುದು ನನ್ನ ಕೆಲಸವಾಯಿತು. ಒಂದು ದಿನ ಅವಳ ಟೋಪಿ ಮರೆತೆ. ಮಧ್ಯಾಹ್ನ ಹೋದಾಗ ಎಲ್ಲ ಮಕ್ಕಳೂ ಬಯಲಿನಲ್ಲಿ ಓಡುತ್ತಿದ್ದರೆ ಅನಘ ಮಾತ್ರ ಮಾಡಿನ ಕೆಳಗೆ ಬೆಂಚಿನ ಮೇಲೆ ಕೂತಿದ್ದಳು. ಟೋಪಿ ಇಲ್ಲದ ಮಕ್ಕಳಿಗೆ ಬಿಸಿಲಿನಲ್ಲಿ ಆಟವಿಲ್ಲ, ಅದು ಶಾಲೆಯ ನಿಯಮ. ನಮ್ಮಲ್ಲಿ ಮಳೆಗೆ ಕೊಡೆ ಕೊಟ್ಟು ಕಳಿಸುತ್ತಿದ್ದೆವು. ಬಿಸಿಲಿಗೆ ಮಕ್ಕಳನ್ನು ಹೆದರಿಸಿದ್ದು ನಾನೆಂದೂ ಕಂಡಿರಲಿಲ್ಲ.

“ಯಾಕೆ ಪುಟ್ಟಾ ಇಲ್ಲಿಯ ಬಿಸ್ಲು ಹೀಗೆ?” ಎಂದು ದಾರಿಯಲ್ಲಿ ಕೇಳಿದೆ.

“ಓಜೋನ್ ಅಜ್ಜ. ಮೇಲಿರೋ ಕೊಡೆ ತೆಳ್ಳಗಾಗಿದೆ. ನಿಮಗೆ ಗೊತ್ತಿರ್ಬೇಕಲ್ಲ, ಅದನ್ನ ರಿಪೇರಿ ಮಾಡಿದೋರು ನೀವೇ ಅಲ್ವಾ?”

ಈ ಮಗು ಹಾಗೆ ನಂಬಲು ಕಾರಣವಿತ್ತು. ಸವಿತ ನನ್ನ ಒಂದು ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ಇಲ್ಲಿನ ಗೋಡೆಗೆ ನೇತುಹಾಕಿದ್ದಾಳೆ. ನಾನು ಈಗ ಹೇಳಬೇಕಾದದ್ದು ಅದರ ವಿಷಯವನ್ನೇ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಫ್ರಿಜ್ ರಿಪೇರಿ ಕಲಿತವನು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಬಸ್ಸಿನಲ್ಲಿ ಸಿಲಿಂಡರ್ ಹೊತ್ತು ತಿರುಗಿ ಹೋಟೆಲು, ಐಸ್‌ಕ್ರೀಮ್ ಅಂಗಡಿ, ಮೆಡಿಕಲ್ ಶಾಪುಗಳ ಫ್ರಿಜ್ ರಿಪೇರಿ ಮಾಡುತ್ತಿದ್ದೆ. ಲಿಂಗನಮಕ್ಕಿ ಅಣೆಕಟ್ಟು ಮಗ್ಗುಲಲ್ಲೇ ಇದ್ದರೂ ಮಳೆಗಾಲದಲ್ಲಿ ನಮಗೆ ಕರೆಂಟು ಬಂದು ಹೋಗಿ ಆಟವಾಡುತ್ತಿತ್ತು, ಅದರಿಂದ ನನಗೆ ಕೆಲಸಕ್ಕೆ ಬರವಿರಲಿಲ್ಲ. ಪೈಪು ಸೋರುತ್ತಿದೆಯೇ ಎಂದು ಅಂಟುವಾಳಕಾಯಿಯ ನೊರೆ ಹಚ್ಚಿ ನೋಡುತ್ತಿದ್ದೆ. ಆಮೇಲೆ ಗ್ಯಾಸು ತುಂಬುವುದು. ನಮ್ಮಲ್ಲಿ ನೀರು ಹಿಡಿಯುವ ಮುಂಚೆ ಚೊಂಬಿಗೆ ಸ್ವಲ್ಪ ನೀರು ಹಾಕಿ ಗಲಬರಿಸಿ ಚೆಲ್ಲುತ್ತೇವಲ್ಲ, ನನ್ನ ಗುರು ಅದನ್ನೇ ಗ್ಯಾಸಿಗೂ ಕಲಿಸಿದ್ದರು. ಹಳೆಯ ಗ್ಯಾಸನ್ನು ಗಾಳಿಗೆ ಬಿಡು, ಹೊಸದನ್ನು ಒಮ್ಮೆ ತುಂಬಿ ಪೈಪು ಗಲಬರಿಸಿ ಅದನ್ನೂ ಬಿಡು, ಎರಡನೆಯ ಸಲದ್ದು ನಿಲ್ಲಲಿ. ಚೊಕ್ಕವಾಗಿ ಕೆಲಸ ಮಾಡುವುದು ಎಂದರೆ ನನಗೆ ಅದೇ ಆಗಿತ್ತು. ವಾಸನೆ ಇಲ್ಲದ, ಬಣ್ಣ ಇಲ್ಲದ ಆ ಗ್ಯಾಸು ಸುಯ್ಯೆಂದು ಹೋಗುವಾಗ ಅದು ಎಲ್ಲಿಗೆ ಹೋಗುತ್ತದೆಂದು ಯೋಚಿಸುವ ಅಗತ್ಯ ಕಂಡಿರಲಿಲ್ಲ.

ಅಲ್ಲಿಯವರೆಗೆ ತಿಳಿಯದೆ ಮಾಡಿದ್ದು. ಅದಕ್ಕೆ ಕ್ಷಮೆ ಇದ್ದೀತು.

ಒಂದು ಸಲ ನಮ್ಮನ್ನೆಲ್ಲ ಶಿವಮೊಗ್ಗಕ್ಕೆ ತರಬೇತಿಗೆ ಕರೆದರು. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ಬೋರ್ಡಿನ ಮೇಲೆ ಭೂಮಿಯ ಚಿತ್ರ ಬರೆದು ವಿವರಿಸಿದರು. ಈ ಗ್ಯಾಸು ಮೇಲೇರಿ ಓಜೋನನ್ನು ಒಡೆಯುತ್ತದೆ ಎಂದು ವಿಜ್ಞಾನಿಗಳು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದರು. ಯಾರೂ ನಂಬಲಿಲ್ಲ. ಆಮೇಲೆ ದಕ್ಷಿಣ ಧ್ರುವದ ಮೇಲೆ ಅಳೆದು ನೋಡಿದಾಗ ತೂತು ಕಂಡಿತು. ಒಬ್ಬರ ಮುಖ ಒಬ್ಬರು ನೋಡದ ದೇಶಗಳೂ ಒಂದೇ ಮೇಜಿಗೆ ಕೂತು ಸಹಿ ಹಾಕಿದವು. ಬಡ ದೇಶದವರು ನಮ್ಮ ಕೆಲಸ ಹೋದರೆ ಯಾರು ಕೊಡುತ್ತೀರಿ ಎಂದು ಜಗಳವಾಡಿದರು, ಶ್ರೀಮಂತ ದೇಶಗಳು ನಿಧಿ ಕಟ್ಟಿದವು. “ಆ ನಿಧಿಯಿಂದ್ಲೇ ನಿಮಗೆ ಈ ಮೆಷಿನ್ ಬಂದಿರೋದು” ಎಂದು ಒಂದು ಯಂತ್ರ ತೋರಿಸಿದರು. ಫ್ರಿಜ್ಜಿನ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಎಳೆದು ಸಿಲಿಂಡರಿಗೆ ತುಂಬುವ ಯಂತ್ರ. ನಮ್ಮ ಮೂರು ತಾಲ್ಲೂಕಿಗೆ ಒಂದು. ವಯಸ್ಸಿನಲ್ಲಿ ಹಿರಿಯ, ಇಂಗ್ಲಿಷಿನಲ್ಲಿ ಫಾರಂ ತುಂಬಬಲ್ಲವ ಎಂದು ಅದನ್ನು ನನ್ನ ವಶಕ್ಕೆ ಕೊಟ್ಟರು. ಸರ್ಟಿಫಿಕೇಟೂ ಕೊಟ್ಟರು.

ಎಷ್ಟೋ ದೇಶಗಳ ಮಾತುಕತೆಯ ಕೊನೆಯ ತುದಿ ಹೀಗೆ ನನ್ನ ಅಂಗಡಿಗೆ ಬಂದು ನಿಂತಿತ್ತು. ನಾನು ಎರಡು ತಿಂಗಳು ಅದನ್ನು ಬಳಸಿದೆ. ಗ್ಯಾಸು ಎಳೆಯಲು ಅರ್ಧ ತಾಸು ಬೇಕು, ಬಿಟ್ಟರೆ ಅರ್ಧ ನಿಮಿಷ. ಆಮೇಲೆ ಅದರ ಮೋಟಾರು ಬಿಚ್ಚಿ ತೆಗೆದು, ಹಳೆಯ ಫ್ರಿಜ್ಜಿಗೂ ಕಬ್ಬಿಣದ ಬೀರುವಿಗೂ ಪೇಂಟು ಹೊಡೆಯುವ ಸ್ಪ್ರೇಗೆ ಜೋಡಿಸಿದೆ. ಗ್ಯಾಸನ್ನು ಮತ್ತೆ ಗಾಳಿಗೇ ಬಿಡತೊಡಗಿದೆ. ಮೂರು ತಿಂಗಳಿಗೊಮ್ಮೆ ಕಳಿಸುವ ಫಾರಮ್ಮಿನಲ್ಲಿ ಇಷ್ಟು ಗ್ಯಾಸು ಹಿಡಿದಿಟ್ಟೆ ಎಂದು ತೋಚಿದ ಅಂಕಿ ಬರೆದೆ.

ಹೊಸನಗರದವರು ಯಂತ್ರ ಕೇಳಿದರೆ ತೀರ್ಥಹಳ್ಳಿಯವರು ಒಯ್ದಿದ್ದಾರೆ ಎನ್ನುತ್ತಿದ್ದೆ. ತೀರ್ಥಹಳ್ಳಿಯವರಿಗೆ ಹೊಸನಗರದ ಹೆಸರು ಹೇಳುತ್ತಿದ್ದೆ. ತೀರ್ಥಹಳ್ಳಿಯ ಗಫೂರ್ ಸಾಬರು ನನ್ನ ಜೊತೆಗೇ ತರಬೇತಿ ಪಡೆದವರು. ಅವರು ಎರಡು ಸಲ ಖಾಲಿ ಸಿಲಿಂಡರ್ ಹಿಡಿದು ಬಸ್ಸಿನಲ್ಲಿ ಸಾಗರಕ್ಕೆ ಬಂದರು. ಎರಡನೆಯ ಸಲ ವಾಪಸು ಹೋಗುವಾಗ ಹೊಸನಗರದಲ್ಲಿ ಇಳಿದು ವಿಚಾರಿಸಿದರೆಂದು ಆಮೇಲೆ ತಿಳಿಯಿತು. ಅವರು ಮತ್ತೆ ಯಂತ್ರ ಕೇಳಲಿಲ್ಲ, ಕೇಳದೆ ಇದ್ದದ್ದೇ ನನ್ನನ್ನು ಚುಚ್ಚಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮಾರ್ಗರೆಟ್ ಎಂಬ ಮುದುಕಿ ಇದ್ದಾರೆ. ಹವಾಮಾನ ಕೇಂದ್ರದಲ್ಲಿ ಆಕಾಶಕ್ಕೆ ಬಲೂನು ಬಿಟ್ಟು ಓಜೋನ್ ಅಳೆಯುವ ಕೆಲಸದಲ್ಲಿದ್ದವರು. ಬೇಲಿಯ ಆಚೆ ಈಚೆ ನಿಂತು ನನ್ನ ಹರಕು ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ಒಂದು ದಿನ ಅವರನ್ನು ಕೇಳಿದೆ, ನಮ್ಮ ಊರಲ್ಲಿ ಬಿಟ್ಟ ಗ್ಯಾಸು ಇಲ್ಲಿಗೆ ಬರುತ್ತದೆಯೇ ಎಂದು.

“ಒಂದೆರಡು ವರ್ಷದಲ್ಲಿ ಇಡೀ ಭೂಮಿಯ ಗಾಳಿಯಲ್ಲಿ ಬೆರೆತುಹೋಗುತ್ತದೆ. ಒಬ್ಬ ಮನುಷ್ಯನ ಆಯುಷ್ಯಕ್ಕಿಂತ ಹೆಚ್ಚು ಕಾಲ ಇರುತ್ತದೆ” ಎಂದರು.

ಅಂದರೆ ವೀಸಾ ಇಲ್ಲದೆ, ಫಾರಂ ತುಂಬದೆ, ನನ್ನ ಗ್ಯಾಸು ನನಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು ನೆಲೆಸಿತ್ತು.

“ಹಾಗಾದರೆ ಈ ಬಿಸಿಲು ನಮ್ಮಂಥವರಿಂದಲೇ?”

“ಅಷ್ಟು ಸುಲಭವಾಗಿ ತಪ್ಪನ್ನೆಲ್ಲ ನೀವೊಬ್ಬರೇ ಹೊರಬೇಡಿ. ಈ ದೇಶದ ಬಿಸಿಲು ಮೊದಲೇ ಕಟು, ಗಾಳಿ ಸ್ವಚ್ಛ. ಓಜೋನ್ ತೆಳುವಾದದ್ದು ಅದರ ಮೇಲೊಂದು ಪೆಟ್ಟು. ಈಗ ಗಾಯ ನಿಧಾನವಾಗಿ ಮಾಯುತ್ತಿದೆ, ಯಾಕೆಂದರೆ ಬಹುಪಾಲು ದೇಶಗಳು ಕೊಟ್ಟ ಮಾತು ಉಳಿಸಿಕೊಂಡವು.” ಮತ್ತೆ ಹೇಳಿದರು: “ನಡುವೆ ಯಾರೋ ಕದ್ದುಮುಚ್ಚಿ ಆ ಗ್ಯಾಸನ್ನು ಗಾಳಿಗೆ ಬಿಟ್ಟರು. ಕಾಗದದಲ್ಲಿ ಎಲ್ಲ ಸರಿಯಿತ್ತು. ಅಳೆಯುವವರಿಗೆ ಗಾಳಿಯಲ್ಲೇ ಗೊತ್ತಾಯಿತು.”

ಅವರು ಬೇರೆ ಯಾರದೋ ವಿಷಯ ಹೇಳುತ್ತಿದ್ದರು. ನನ್ನ ಫಾರಮ್ಮುಗಳು ಮಾತ್ರ ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದವು.

ಆ ವಾರವೇ ಅನಘ ಕುಣಿಯುತ್ತಾ ಬಂದಳು. ಶಾಲೆಯಲ್ಲಿ ಓಜೋನಿನ ಪಾಠ. ಅಜ್ಜ ಸರ್ಟಿಫಿಕೇಟು ತಂದು ತೋರಿಸಿ ಮಾತಾಡಬೇಕು, ಅಮ್ಮ ಇಂಗ್ಲಿಷಿಗೆ ಹೇಳುತ್ತಾಳೆ ಎಂದು ಟೀಚರಿಗೆ ಮಾತು ಕೊಟ್ಟು ಬಂದಿದ್ದಳು. ಬೇಡ ಎನ್ನಲು ನೂರು ನೆಪ ಹುಡುಕಿದೆ. ಈ ಊರಿನಲ್ಲಿ ನನ್ನನ್ನು ನೋಡಿ ಹಿಗ್ಗುವ ಜೀವ ಅದೊಂದೇ. ನಿಜ ಹೇಳಿದರೆ ಅದನ್ನು ಕಳೆದುಕೊಳ್ಳುತ್ತೇನೆ. ಹೇಳದಿದ್ದರೆ ಅವಳ ಹಿಗ್ಗನ್ನೂ ಆ ಫಾರಮ್ಮಿನಂತೆ ಸುಳ್ಳಿನಿಂದ ತುಂಬಿದಂತೆ ಆಗುತ್ತದೆ.

ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ಕೂತಿದ್ದರು. ಸವಿತ ಪಕ್ಕದಲ್ಲಿ ನಿಂತಿದ್ದಳು. ನಾನು ಸರ್ಟಿಫಿಕೇಟನ್ನು ಮೇಜಿನ ಮೇಲೆ ಬೋರಲು ಇಟ್ಟು, ಗಲಬರಿಸಿ ಚೆಲ್ಲಿದ್ದರಿಂದ ಹಿಡಿದು ಮೋಟಾರು, ಗಫೂರ್ ಸಾಬರಿಗೆ ಹೇಳಿದ ಸುಳ್ಳಿನವರೆಗೆ ಎಲ್ಲ ಹೇಳಿದೆ. ಅರ್ಧಕ್ಕೆ ಸವಿತ ಇಂಗ್ಲಿಷಿಗೆ ಹೇಳುವುದನ್ನು ನಿಲ್ಲಿಸಿದಳು.

“ಅಪ್ಪಯ್ಯ, ಇದನ್ನೂ ಹೇಳ್ಬೇಕಾ?” ಎಂದು ಮೆಲ್ಲಗೆ ಕೇಳಿದಳು.

“ಹೇಳು.”

ಅವಳು ಹೇಳಿದಳು. ಟೀಚರ್ ಥ್ಯಾಂಕ್ಯೂ ಎಂದರು. ಒಬ್ಬ ಹುಡುಗಿ ಕೈಯೆತ್ತಿ, ಆ ಗ್ಯಾಸು ಈಗ ಎಲ್ಲಿದೆ ಎಂದು ಕೇಳಿದಳು. ನಾನು ಕಿಟಕಿಯ ಕಡೆ ಕೈ ತೋರಿಸಿದೆ. ಅನಘ ತಲೆ ಎತ್ತಲಿಲ್ಲ.

ಕಾರಿನಲ್ಲಿ ಸವಿತ, “ಮನೇಲಿ ಹೇಳಿದ್ರೆ ಸಾಕಿತ್ತು. ಅಷ್ಟು ಜನರ ಎದ್ರಿಗೆ ಎಂತಕ್ಕೆ?” ಎಂದಳು.

“ಮನೇಲಿ ಹೇಳೂಕೆ ಇಷ್ಟು ವರ್ಷ ಇತ್ತಲ್ಲೇ. ಹೇಳಿದ್ನಾ?”

ಮೂರು ದಿನ ಅನಘ ನನ್ನ ಹತ್ತಿರ ಮಾತಾಡಲಿಲ್ಲ. ಶಾಲೆಗೆ ಹೋಗುವಾಗ ನನಗಿಂತ ನಾಲ್ಕು ಮಾರು ಮುಂದೆ ನಡೆದಳು. ನಾಲ್ಕನೆಯ ದಿನ ಊಟದ ತಟ್ಟೆ ನೋಡುತ್ತಲೇ ಕೇಳಿದಳು: “ಆ ಗಫೂರ್ ಅಜ್ಜಂಗೆ ಹೇಳಿದೀರಾ?”

“ಇಲ್ಲ.”

“ಮತ್ತೆ ನಮ್ಮ ಕ್ಲಾಸಿಗೆ ಹೇಳಿ ಎಂತ ಆಯ್ತು?”

ಆ ಸಂಜೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ.

“ಏನ್ ಮಂಜಣ್ಣ, ಫಾರಿನ್ನಿಂದ ಫೋನಾ! ಅಲ್ಲಿ ಫ್ರಿಜ್ ಕೆಟ್ಟೈತಾ?” ಗಫೂರ್ ಸಾಬರ ದನಿ ಹಾಗೇ ಇತ್ತು.

ನಾನು ಹೇಳಬೇಕಾದದ್ದನ್ನು ಹೇಳಿದೆ.

“ಗೊತ್ತಿತ್ತು ಮಾರಾಯ. ನಿಮ್ಮಂಗಡೀಲಿ ಪೇಂಟ್ ಹೊಡೀತಿತ್ತಲ್ಲ, ಅದರ ಸದ್ದಲ್ಲೇ ಮೋಟಾರ್ ಗುರ್ತು ಸಿಕ್ತು. ನಾ ಏನ್ ಕಿವುಡ್ನಾ? ನೀವೇ ಹೇಳ್ತೀರಿ ಅಂತ ಕಾದೆ. ಕಾದೂ ಕಾದೂ ಗಡ್ಡ ಬೆಳ್ಳಗಾಯ್ತು.”

“ತಪ್ಪಾಯ್ತು ಸಾಬ್ರೆ.”

“ಆಯ್ತಲ್ಲ, ಈಗೇನ್ ಕಾಲಿಗೆ ಬೀಳ್ತೀರಾ ಫೋನಲ್ಲಿ?”

ಪಕ್ಕದಲ್ಲೇ ಕೂತಿದ್ದ ಅನಘ ಕೈ ಚಾಚಿದಳು. ಸ್ಪೀಕರ್ ಹಾಕಿ ಫೋನು ಕೊಟ್ಟೆ.

“ಗಫೂರ್ ಅಜ್ಜ, ಮೆಷಿನ್ ಇಲ್ದೆ ನೀವು ಎಂತ ಮಾಡಿದ್ರಿ? ನೀವೂ ಬಿಟ್ರಾ?”

“ಸುಮಾರು ಬಿಟ್ಟೆ ಮಗಾ, ಸುಳ್ಳು ಹೇಳಲ್ಲ. ಹೊಟ್ಟೆಪಾಡು. ಆಮೇಲೆ ಮನ್ಸು ಒಪ್ಲಿಲ್ಲ. ನಾಲ್ಕು ಹಳೇ ಫ್ರಿಜ್ಜು ಬಿಚ್ಚದೇ ಹಾಗೇ ಶೆಡ್ಡಲ್ಲಿ ಇಟ್ಟಿದೀನಿ, ಗ್ಯಾಸ್ ಒಳಗೇ ಇದೆ. ಗುಜರಿಯವ್ನು ವಾರಕ್ಕೊಂದ್ಸಲ ಕೇಳ್ತಾನೆ. ಕೊಟ್ರೆ ಪೈಪ್ ಕತ್ತರಿಸ್ತಾನೆ, ಎಲ್ಲಾ ಮೇಲೆ ಹೋಗುತ್ತೆ. ತುಕ್ಕು ಬೇರೆ ಹಿಡೀತಾ ಇದೆ, ಎಷ್ಟು ದಿನ ತಡೀತದೋ.”

“ಕೊಡ್ಬೇಡಿ. ನಮ್ಮಜ್ಜ ಬರ್ತಾರೆ” ಎಂದಳು ಅನಘ. ನನ್ನನ್ನು ಕೇಳಲಿಲ್ಲ.

ಮಾರ್ಗರೆಟ್ ಪರಿಚಯದವರಿಗೆ ಪತ್ರ ಬರೆದು, ಬೆಂಗಳೂರಿನಲ್ಲಿ ಅಂಥ ಗ್ಯಾಸು ಎಳೆದುಕೊಂಡು ನಾಶಮಾಡಲು ಒಯ್ಯುವವರು ಯಾರಿದ್ದಾರೆಂದು ವಿಚಾರಿಸುತ್ತಿದ್ದಾರೆ. ಸವಿತ ಟಿಕೆಟ್ ನೋಡುತ್ತಿದ್ದಾಳೆ. ಸಾಗರದಲ್ಲಿ ಈಗ ನನಗೆ ಮನೆಯಿಲ್ಲ, ಗಫೂರ್ ಸಾಬರು ಶೆಡ್ಡಿನ ಪಕ್ಕದ ಕೋಣೆ ಗುಡಿಸಿಡುತ್ತೇನೆ ಎಂದಿದ್ದಾರೆ. ಇಲ್ಲಿ ನನಗೊಂದು ಕೋಣೆಯಿದೆ, ಅದರಲ್ಲಿ ಅನಘ ಮತ್ತೆ ಬಂದು ಕೂತು ಹೋಮ್‌ವರ್ಕ್ ಮಾಡತೊಡಗಿದ್ದಾಳೆ. ಆ ನಾಲ್ಕು ಫ್ರಿಜ್ಜುಗಳ ಕೆಲಸ ಮುಗಿದ ಮೇಲೆ ನಾನು ಎಲ್ಲಿರುವುದು ಎಂದು ಸವಿತ ಕೇಳಿಲ್ಲ. ನಾನೂ ಹೇಳಿಲ್ಲ.