ಆರನೇ ಖಾನೆ

ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ, ಪಟ್ಟಿಯಲ್ಲಿ ಒಂದು ಅಕ್ಷರ ಇದೆಯೇ ಎಂದು ಹುಡುಕುವ ಪ್ರೋಗ್ರಾಂ ಬರೆಯಲು ಹೇಳಿದ್ದೆ. ಹತ್ತಿರದ ಭೋಜ ಊರಿನಿಂದ ಬರುತ್ತಿದ್ದ ವಿದ್ಯಾರ್ಥಿನಿ ಸುಮನ್ ತನ್ನ ಮನೆಯ ಐವರ ಮೊದಲಕ್ಷರಗಳನ್ನು ಐದು ಖಾನೆಗಳಲ್ಲಿ ತುಂಬಿದಳು. ಆಮೇಲೆ, ತಿಂಗಳ ಹಿಂದೆ ತೀರಿಕೊಂಡ ಅವ್ವನ ಅಕ್ಷರ ಕೇಳಿದಳು. ಪರದೆಯ ಮೇಲೆ "ಐತಿ" ಎಂದು ಬಂತು.

"ಅಕ್ಕೋರ, ಅವ್ವನ್ನ ನಾ ಹಾಕೇ ಇಲ್ರಿ!"

ಅವಳು ಬರೆದದ್ದನ್ನು ಸಾಲುಸಾಲಾಗಿ ಓದಿದೆ. ನೋಡಿದರೆ, ಅವ್ವ ಸೇರಿ ದಿನಾ ಊಟಕ್ಕೆ ಆರು ತಾಟು ಹಾಕಿದ ರೂಢಿಯಲ್ಲಿ ಆರು ಖಾನೆ ಹುಡುಕಲು ಬರೆದಿದ್ದಳು. ನಾವು ಕೇಳಿದ ಅಕ್ಷರವನ್ನು ಕಂಪ್ಯೂಟರ್ ಪಟ್ಟಿಗೆ ಅಂಟಿದ ಪಕ್ಕದ ಜಾಗದಲ್ಲೇ ಇಟ್ಟುಕೊಂಡಿದ್ದರಿಂದ, ಪಟ್ಟಿಯಾಚೆಗಿನ ಆರನೆಯದರಲ್ಲಿ ಅದೇ ಅಕ್ಷರ ಕೂತಿರುತ್ತಿತ್ತು. ಯಾರನ್ನು ಕೇಳಿದರೂ "ಐತಿ".

"ಐದು ಮಾಡವ್ವ."

"ಮಾಡಿದ್ರ ಇಲ್ಲ ಅಂತೈತೇನ್ರಿ?"

ನಾನು ದೂರದ ಕುಂದಾಪುರದಲ್ಲಿ ತೀರಿಹೋದ ನನ್ನ ತಂಗಿಯ ಅಕ್ಷರ ಒತ್ತಿದೆ. "ಐತಿ".

ತಪ್ಪು ಪ್ರೋಗ್ರಾಂಗೆ ನಾನು ಪೂರ್ತಿ ಅಂಕ ಕೊಟ್ಟದ್ದು ಅದೊಂದೇ ಸಲ.