ಸತ್ತ ನೋಟಿಗೆ ಅತ್ತ ಮೆಹಿಟಬೆಲ್ ಅಜ್ಜಿ

ಅಕ್ಷರ ಸೊಟ್ಟಗಿವೆ, ಮಾತೂ ಸಾಲದು, ಓದುವವರು ಮನ್ನಿಸಬೇಕು. ಬಾಸ್ಟನ್ ಬಂದರಿನ ಮೆಹಿಟಬೆಲ್ ಅಜ್ಜಿ ಮೂವತ್ತು ವರ್ಷ ಹರಿದ ನೋಟುಗಳನ್ನು ಹೊಲಿದು ಬದುಕಿದವಳು. ಅವಳ ಸೂಜಿ ಮುಟ್ಟದ ನೋಟು ಊರಿನಲ್ಲಿರಲಿಲ್ಲ. ಕೆಲವುಗಳಲ್ಲಿ ಕಾಗದಕ್ಕಿಂತ ದಾರವೇ ಹೆಚ್ಚಿರುತ್ತಿತ್ತು. ಇಂಗ್ಲೆಂಡಿನಿಂದ ಬೆಳ್ಳಿ ಬಂದು ಕಾಗದದ ಹಣ ರದ್ದಾದ ಮೇಲೆ ಅವಳು ಕಪ್ಪು ಬಟ್ಟೆ ತೊಟ್ಟು, ತಾನೇ ಕಟ್ಟಿದ ಶೋಕಗೀತೆ ಹಾಡುತ್ತ ತಿರುಗುತ್ತಾಳೆ: “ಹೋದೆಯಾ ನೋಟಪ್ಪ, ತೇಪೆಯ ಕೋಟಪ್ಪ, ಬೆಳ್ಳಿ ದೊರೆ ನಮ್ಮಂಥೋರ ಮನೆಗೆ ಬರ್ತಾನೇನಪ್ಪ!” ಮೀನು ಮಾರುವ ಓಬೆಡ್ “ಅಜ್ಜೀ, ಹೆಣ ಎತ್ತೋದು ಎಷ್ಟೊತ್ತಿಗೆ?” ಎಂದು ಕೆಣಕಿದರೆ “ಇನ್ನೂ ನಿನ್ನ ಮೀನಿನಷ್ಟು ನಾರ್ತಿಲ್ಲ, ತಡಿಯೋ!” ಎನ್ನುತ್ತಾಳೆ. ಊರೆಲ್ಲ ಹಳೆಯ ನೋಟು ಕೊಟ್ಟು ಬೆಳ್ಳಿ ತಂದಾಯಿತು. ಅಜ್ಜಿ ಮಾತ್ರ ಒಂದು ನೋಟನ್ನು ಕೊಡದೆ ಇಟ್ಟುಕೊಂಡಿದ್ದಾಳೆ, ಗಡುವು ಇಂದಿಗೆ ಮುಗಿಯಿತು. ಅದು ಫ್ರೆಂಚರ ಲೂಯಿಬರ್ಗ್ ಕೋಟೆಯ ಯುದ್ಧಕ್ಕೆ ಹೋಗಿ ತೀರಿಕೊಂಡ ಮಗ ಜೇಬೆಜ್‌ನ ಸಂಬಳದ ನೋಟು. ಇಂಗ್ಲೆಂಡಿನ ದೊರೆ ಈ ಬೆಳ್ಳಿ ಕಳಿಸಿದ್ದೂ ಆ ಯುದ್ಧಕ್ಕೆ ನಾವು ಮಾಡಿದ ಖರ್ಚು ತುಂಬಿಕೊಡಲೆಂದೇ. ಯಾಕೆ ಕೊಡಲಿಲ್ಲವೆಂದು ಅವಳ ನೆರೆಮನೆಯ ಹುಡುಗಿ ನಾನು ಹೆದರುತ್ತಲೇ ಕೇಳಿದೆ. “ಅವನನ್ನ ಒಂದ್ಸಲ ಕೊಟ್ಟಿದ್ದೀನಿ ಕಣೇ, ಇನ್ನೊಂದ್ಸಲ ಕೊಡಲ್ಲ” ಎಂದಳು. ಆ ನೋಟಿಗೆ ಸಿಗುತ್ತಿದ್ದ ಬೆಳ್ಳಿಯಲ್ಲಿ ಅವಳಿಗೆ ಒಂದು ತಿಂಗಳ ಹಿಟ್ಟು ಬರುತ್ತಿತ್ತು. ನಾಳೆಯಿಂದ ನನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಅವಳಿಗೆ ಒಯ್ದು ಕೊಡುತ್ತೇನೆ.